ಟೊಮೆಟೊ ಗೊಜ್ಜಿನಲ್ಲಿ ಮೊಟ್ಟೆ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಇರುವುದು ಒಂದೇ ಒಲೆ, ಒಂದೇ ಪ್ಯಾನ್, ಕೆಲಸ ಮುಗಿಸಿ ಬಂದ ಮೇಲೆ ಅರ್ಧ ಗಂಟೆಗಿಂತ ಹೆಚ್ಚು ಒಲೆ ಮುಂದೆ ನಿಲ್ಲಲಾಗದು ಎಂದಿದ್ದೀಯ. ಹಾಗಿದ್ದರೆ ಶಕ್‌ಶೂಕ ಕಲಿತುಕೋ. ಟ್ಯುನೀಷಿಯಾ, ಲಿಬಿಯಾ ಕಡೆಯ ಮನೆ ಅಡುಗೆ ಅದು. ಈರುಳ್ಳಿ, ದಪ್ಪ ಮೆಣಸಿನಕಾಯಿ, ಟೊಮೆಟೊ ಬೇಯಿಸಿ ಗೊಜ್ಜು ಮಾಡಿ, ಅದರಲ್ಲೇ ಗುಳಿ ತೋಡಿ ಮೊಟ್ಟೆ ಒಡೆದು ಹಾಕಿ ಮುಚ್ಚಿಡುತ್ತಾರೆ. ಕಳೆದ ಶತಮಾನದ ನಡುವಿನಲ್ಲಿ ಆ ಸೀಮೆಯ ಯಹೂದಿಗಳು ಇಸ್ರೇಲಿಗೆ ವಲಸೆ ಹೋದಾಗ ಅದೂ ಜೊತೆಗೆ ಹೋಯಿತು. ಟೊಮೆಟೊ ಗೊಜ್ಜು ತಿಂದು ಬೆಳೆದವಳಿಗೆ ಇದರಲ್ಲಿ ಅರ್ಧ ಕೆಲಸ ಗೊತ್ತೇ ಇರುತ್ತದೆ.

ಒಂದು ಮಾತು ಮಾತ್ರ ಮೊದಲೇ ತಲೆಯಲ್ಲಿಟ್ಟುಕೋ. ಮೊಟ್ಟೆ ಒಡೆಯುವ ಹೊತ್ತಿಗೆ ಗೊಜ್ಜು ಪೂರ್ತಿ ಆಗಿರಬೇಕು. ಮೊಟ್ಟೆ ಹಾಕಿದ ಮೇಲೆ ಉಪ್ಪು ಸರಿಮಾಡುವುದಕ್ಕೂ ನೀರು ಇಂಗಿಸುವುದಕ್ಕೂ ಅವಕಾಶವಿಲ್ಲ. ಈ ಅಡುಗೆ ಕೆಡುವುದು ಬಹುಪಾಲು ಇದೊಂದು ಅವಸರದಿಂದ.

ನಿನ್ನೊಬ್ಬಳಿಗೆ ಅಳತೆ ಹೀಗೆ: ಮೊಟ್ಟೆ ಎರಡು, ಟೊಮೆಟೊ 300 ಗ್ರಾಂ (ಮಧ್ಯಮ ಗಾತ್ರದವು ಮೂರು ಅಥವಾ ನಾಲ್ಕು), ಈರುಳ್ಳಿ ಒಂದು, ದಪ್ಪ ಮೆಣಸಿನಕಾಯಿ ಅರ್ಧ, ಬೆಳ್ಳುಳ್ಳಿ ನಾಲ್ಕು ಎಸಳು, ಎಣ್ಣೆ ಎರಡು ದೊಡ್ಡ ಚಮಚ, ಜೀರಿಗೆ ಅರ್ಧ ಚಮಚ, ಬ್ಯಾಡಗಿ ಮೆಣಸಿನ ಪುಡಿ ಒಂದು ಚಮಚ, ಉಪ್ಪು ಅರ್ಧ ಚಮಚಕ್ಕೆ ಸ್ವಲ್ಪ ಕಡಿಮೆ. ಪ್ಯಾನ್ 20 ಸೆಂಟಿಮೀಟರಿನದು ಸಾಕು. ಅದಕ್ಕಿಂತ ಅಗಲವಾದರೆ ಗೊಜ್ಜು ತೆಳ್ಳಗೆ ಹರಡಿ ತಳ ಹಿಡಿಯುತ್ತದೆ, ಮೊಟ್ಟೆಗೆ ಗುಳಿಯೂ ನಿಲ್ಲುವುದಿಲ್ಲ. ಗೆಳತಿಯರು ಬಂದು ನಾಲ್ಕು ಮೊಟ್ಟೆ ಹಾಕುವುದಿದ್ದರೆ ಎಲ್ಲವನ್ನೂ ದುಪ್ಪಟ್ಟು ಮಾಡಿ 26 ಸೆಂಟಿಮೀಟರಿನದು ತೆಗೆದುಕೋ.

ಪ್ಯಾನ್ ಯಾವ ಲೋಹದ್ದು ಎನ್ನುವುದೂ ಮುಖ್ಯ. ಕಬ್ಬಿಣದ ಬಾಣಲೆ ಬೇಡ. ಟೊಮೆಟೊ ಹುಳಿ ಅದರ ಮೇಲಿನ ಎಣ್ಣೆಯ ಪದರವನ್ನು ಕಿತ್ತುಹಾಕುತ್ತದೆ, ಗೊಜ್ಜಿಗೆ ಕಬ್ಬಿಣದ ರುಚಿ ಬರುತ್ತದೆ. ದಪ್ಪ ತಳದ ಸ್ಟೀಲ್ ಅಥವಾ ನಾನ್‌ಸ್ಟಿಕ್ ಇರಲಿ, ಅದಕ್ಕೆ ಸರಿಯಾಗಿ ಕೂರುವ ಮುಚ್ಚಳವೂ ಇರಲಿ.

ಎಣ್ಣೆ ಕಾದಾಗ ಜೀರಿಗೆ ಹಾಕು. ಅದು ಚಿಟಪಟ ಎಂದ ಮೇಲೆ ತೆಳ್ಳಗೆ ಹೆಚ್ಚಿದ ಈರುಳ್ಳಿ ಹಾಕಿ ಉಪ್ಪಿನ ಅರ್ಧ ಭಾಗವನ್ನು ಆಗಲೇ ಉದುರಿಸು. ಉಪ್ಪು ನೀರು ಬಿಡಿಸುವುದರಿಂದ ಈರುಳ್ಳಿ ಸೀಯದೆ ಬೇಗ ಮೆತ್ತಗಾಗುತ್ತದೆ. ಆರೇಳು ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಟೊಮೆಟೊ ಹುಳಿಗೆ ಎದುರು ನಿಲ್ಲುವ ಸಿಹಿ ಬರುವುದು ಇಲ್ಲಿಂದಲೇ. ಇಲ್ಲಿ ಅವಸರ ಮಾಡಿದರೆ ಆಮೇಲೆ ಸಕ್ಕರೆ ಹುಡುಕಬೇಕಾಗುತ್ತದೆ. ನಂತರ ದಪ್ಪ ಮೆಣಸಿನಕಾಯಿ, ಮೂರು ನಾಲ್ಕು ನಿಮಿಷ. ಆಮೇಲೆ ಉರಿ ತಗ್ಗಿಸಿ ಜಜ್ಜಿದ ಬೆಳ್ಳುಳ್ಳಿ, ಕೊನೆಗೆ ಮೆಣಸಿನ ಪುಡಿ. ಪುಡಿ ಎಣ್ಣೆಯಲ್ಲಿ ಅರ್ಧ ನಿಮಿಷ ಇದ್ದರೆ ಬಣ್ಣ ಬಿಡುತ್ತದೆ, ಜಾಸ್ತಿಯಾದರೆ ಕಪ್ಪಾಗಿ ಕಹಿಯಾಗುತ್ತದೆ. ಕಹಿಯಾದದ್ದನ್ನು ಯಾವುದರಿಂದಲೂ ಸರಿಪಡಿಸಲಾಗದು. ಹಾಗಾಗಿ ಟೊಮೆಟೊ ಪಕ್ಕದಲ್ಲೇ ಸಿದ್ಧವಿರಲಿ.

ಅಲ್ಲಿಯವರು ಈ ಹಂತದಲ್ಲಿ ಹರೀಸ ಹಾಕುತ್ತಾರೆ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಉಪ್ಪು ಅರೆದು ಆಲಿವ್ ಎಣ್ಣೆಯಲ್ಲಿ ಇಡುವ ಕೆಂಪು ಚಟ್ನಿ ಅದು. ಟ್ಯುನೀಷಿಯಾದ ಹರೀಸವನ್ನು ಯುನೆಸ್ಕೊ 2022ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಬ್ಯಾಡಗಿ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ: ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದು ಹಾಕಿದರೆ ಬಣ್ಣ ಬರುವ ಮೊದಲೇ ಖಾರ ಮಿತಿ ಮೀರುತ್ತದೆ.

ಟೊಮೆಟೊ ಹೆಚ್ಚುವ ಬದಲು ತುರಿದುಬಿಡು. ಅಡ್ಡಲಾಗಿ ಎರಡು ಹೋಳು ಮಾಡಿ, ಕತ್ತರಿಸಿದ ಕಡೆಯನ್ನು ತುರಿಮಣೆಗೆ ಉಜ್ಜಿದರೆ ತಿರುಳೆಲ್ಲ ಇಳಿದು ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನಾಟಿ ಟೊಮೆಟೊಗೆ ರುಚಿ ಹೆಚ್ಚು, ಆದರೆ ರಸವೂ ಹುಳಿಯೂ ಹೆಚ್ಚು, ಇಂಗಲು ನಾಲ್ಕೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ಗಟ್ಟಿ ತಿರುಳಿನ ಹೈಬ್ರಿಡ್ ಬೇಗ ಗೊಜ್ಜಾಗುತ್ತದೆ, ರುಚಿ ಸಪ್ಪೆ. ಎರಡನ್ನೂ ಅರ್ಧರ್ಧ ಹಾಕುವುದು ನನಗೆ ಸರಿ ಎನಿಸುತ್ತದೆ. ಟಿನ್ ಟೊಮೆಟೊ ಕೊಳ್ಳುವುದಾದರೆ ಇಡಿಯಾಗಿರುವುದನ್ನು ಕೊಂಡು ಕೈಯಿಂದ ಹಿಸುಕು. ಹೋಳು ಮಾಡಿದ್ದಕ್ಕೆ ಆಕಾರ ಕೆಡದಿರಲೆಂದು ಹೆಚ್ಚಾಗಿ ಕ್ಯಾಲ್ಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ, ಅದು ಎಷ್ಟು ಬೇಯಿಸಿದರೂ ಕರಗುವುದಿಲ್ಲ.

ತುರಿದ ಟೊಮೆಟೊ, ಉಳಿದ ಉಪ್ಪು ಹಾಕಿ, ಮುಚ್ಚಳವಿಲ್ಲದೆ ಮಧ್ಯಮ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕುದಿಸು. ಗಡಿಯಾರಕ್ಕಿಂತ ಗೊಜ್ಜನ್ನು ನೋಡು. ಅಂಚಿನಲ್ಲಿ ಎಣ್ಣೆ ಬಿಡಬೇಕು, ಸೌಟಿನಿಂದ ಮಧ್ಯದಲ್ಲಿ ಗೆರೆ ಎಳೆದರೆ ತಕ್ಷಣ ಮುಚ್ಚಿಕೊಳ್ಳದೆ ಎರಡು ಕ್ಷಣ ತಳ ಕಾಣಬೇಕು. ನೀರಾಗಿದ್ದಾಗ ಮೊಟ್ಟೆ ಒಡೆದರೆ ಬಿಳಿ ಎಳೆಎಳೆಯಾಗಿ ಹರಡಿ ಗೊಜ್ಜಿನಲ್ಲಿ ಕಲೆಸಿಹೋಗುತ್ತದೆ. ತೀರಾ ಗಟ್ಟಿಯಾಗಿದ್ದರೆ ತಳ ಸೀಯುತ್ತದೆ. ಹಾಗಾದಾಗ ಮೂರು ಚಮಚ ಬಿಸಿನೀರು ಬೆರೆಸು. ಈಗ ರುಚಿ ನೋಡು. ಹುಳಿ ಎದ್ದು ಕಂಡರೆ ಚಿಟಿಕೆ ಬೆಲ್ಲ. ಹಸಿ ವಾಸನೆ ಇದ್ದರೆ ಇನ್ನೆರಡು ನಿಮಿಷ ಬೇಯಬೇಕು, ಬೇರೆ ಉಪಾಯವಿಲ್ಲ.

ಮೊಟ್ಟೆಯನ್ನು ಫ್ರಿಜ್ಜಿನಿಂದ ಕಾಲು ಗಂಟೆ ಮೊದಲೇ ತೆಗೆದಿಡು. ಒಂದೊಂದನ್ನೂ ಬಟ್ಟಲಲ್ಲಿ ಒಡೆದು ನೋಡಿಯೇ ಹಾಕು. ಒಂದು ಕೆಟ್ಟ ಮೊಟ್ಟೆ ಇಡೀ ಪ್ಯಾನನ್ನು ಹಾಳುಮಾಡುತ್ತದೆ. ಸೌಟಿನ ಬೆನ್ನಿನಿಂದ ಗುಳಿ ಮಾಡಿ ಮೆಲ್ಲಗೆ ಜಾರಿಸು. ಬಿಳಿ 62 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಹೆಪ್ಪುಗಟ್ಟತೊಡಗಿದರೂ ಪೂರ್ತಿ ಗಟ್ಟಿಯಾಗುವುದು 80ರ ಹತ್ತಿರ. ಹಳದಿಯಾದರೋ 70ಕ್ಕೇ ಗಟ್ಟಿ. ಅಂದರೆ ಬೇಗ ಬೇಯುವ ಹಳದಿಯನ್ನು ಕಾಪಾಡಿಕೊಂಡು ನಿಧಾನದ ಬಿಳಿಯನ್ನು ಬೇಯಿಸಬೇಕು. ಅದಕ್ಕೇ ಚಮಚದ ತುದಿಯಿಂದ ಹಳದಿಯ ಸುತ್ತಲಿನ ದಪ್ಪ ಲೋಳೆಯನ್ನು ಹಳದಿ ಒಡೆಯದಂತೆ ಸ್ವಲ್ಪ ಸೀಳಿ ಗೊಜ್ಜಿನ ಕಡೆ ಎಳೆ. ಮೊದಲ ಮೂರು ನಿಮಿಷ ಸಣ್ಣ ಉರಿಯಲ್ಲಿ ತೆರೆದೇ ಇಡು, ಕೆಳಗಿನ ಬಿಳಿ ಕೂತುಕೊಳ್ಳುತ್ತದೆ. ಆಮೇಲೆ ಮುಚ್ಚಳ ಹಾಕಿ ಎರಡು ಮೂರು ನಿಮಿಷ. ಆವಿ ಮೇಲಿನದನ್ನು ಬೇಯಿಸುತ್ತದೆ. ದೊಡ್ಡ ಉರಿಯಲ್ಲಿ ಕುದಿಸಿದರೆ ತಳ ರಬ್ಬರಾಗಿ ಮೇಲೆ ಹಸಿಲೋಳೆ ಉಳಿಯುತ್ತದೆ. ಪ್ಯಾನ್ ಅಲುಗಿಸಿದಾಗ ಹಳದಿಯ ಸುತ್ತ ಬಿಳಿ ತುಸುವೇ ನಡುಗುತ್ತಿರುವಾಗಲೇ ಒಲೆ ಆರಿಸು, ಉಳಿದದ್ದು ಗೊಜ್ಜಿನ ಬಿಸಿಗೇ ಆಗುತ್ತದೆ.

ಮೊಟ್ಟೆ ಎಷ್ಟು ಹಳೆಯದೋ ಎಂಬ ಅನುಮಾನವಿದ್ದರೆ ನೀರಿನಲ್ಲಿ ಹಾಕಿ ನೋಡು. ಮಲಗಿದರೆ ತಾಜಾ, ನಿಂತರೆ ಹಳೆಯದು, ತೇಲಿದರೆ ಬಿಸಾಡು. ನಿಂತದ್ದನ್ನು ಹಾಕುವುದಾದರೆ ಹಳದಿಯೂ ಗಟ್ಟಿಯಾಗುವವರೆಗೆ ಬೇಯಿಸು.

ಮೇಲೆ ಕೊತ್ತಂಬರಿ ಸೊಪ್ಪು, ಹಳದಿಯ ಮೇಲೆ ಒಂದು ಚಿಟಿಕೆ ಉಪ್ಪು. ಟ್ಯುನೀಷಿಯಾದಲ್ಲಿ ಬ್ರೆಡ್ ಅದ್ದಿಕೊಂಡು ತಿನ್ನುತ್ತಾರೆ. ಪಾವ್, ಚಪಾತಿ, ಮೆತ್ತನೆಯ ಜೋಳದ ರೊಟ್ಟಿ ಎಲ್ಲವೂ ಆದೀತು. ಅನ್ನಕ್ಕೆ ಕಲಸಬೇಡ, ಗೊಜ್ಜೆಲ್ಲ ಅನ್ನವೇ ಹೀರಿಕೊಂಡು ಸಪ್ಪೆಯಾಗುತ್ತದೆ.

ಭಾನುವಾರ ಒಂದು ಕಿಲೋ ಟೊಮೆಟೊದ ಗೊಜ್ಜು ಮಾಡಿ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಬರುತ್ತದೆ. ಬೇಕಾದಷ್ಟನ್ನು ಪ್ಯಾನಿಗೆ ಹಾಕಿ ಎರಡು ಚಮಚ ನೀರು ಬೆರೆಸು, ಚೆನ್ನಾಗಿ ಕುದಿ ಬಂದ ಮೇಲೆಯೇ ಮೊಟ್ಟೆ ಒಡೆ. ಆಗ ಹತ್ತು ನಿಮಿಷದ ಕೆಲಸ. ಮೊಟ್ಟೆ ಹಾಕಿದ್ದನ್ನು ಮಾತ್ರ ಮರುದಿನಕ್ಕೆ ಇಡಬೇಡ, ಬಿಸಿ ಮಾಡಿದಾಗ ಬಿಳಿ ಚರ್ಮದಂತಾಗುತ್ತದೆ.

ಪ್ರೀತಿಯಿಂದ,
ಅಮ್ಮ