ಡೊಮೈನ್ ಜೋಡಿಸಿದ ಮೇಲೆ ಜಾಲತಾಣ ತೆರೆಯದಿದ್ದರೆ

ಸದಸ್ಯರ ಗಮನಕ್ಕೆ,

ಡೊಮೈನ್ (ಜಾಲತಾಣದ ಹೆಸರು) ಜೋಡಿಸಿದ ನಂತರ ಜಾಲತಾಣ ತೆರೆಯುತ್ತಿಲ್ಲವೆಂದು ಸಹಾಯ ಕೇಳುವವರು, ಪರದೆಯ ಮೇಲೆ ಕಾಣುವ ದೋಷ ಸಂದೇಶವನ್ನು ಯಥಾವತ್ತಾಗಿ ಇಲ್ಲಿ ಹಾಕಬೇಕೆಂದು ವಿನಂತಿ. ‘ಕೆಲಸ ಮಾಡುತ್ತಿಲ್ಲ’ ಎಂಬ ಎರಡು ಪದಗಳಿಂದ ಏನೂ ತಿಳಿಯುವುದಿಲ್ಲ. ಹೆಸರೇ ಪತ್ತೆಯಾಗಲಿಲ್ಲವೆಂದು ಬ್ರೌಸರ್ ಹೇಳಿದರೆ ತೊಂದರೆ ಡಿಎನ್‌ಎಸ್‌ನಲ್ಲಿದೆ, ಅಂದರೆ ಹೆಸರಿನಿಂದ ಸರ್ವರ್‌ನ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲಿದೆ. ಸುರಕ್ಷತೆಯ ಎಚ್ಚರಿಕೆ ಬಂದರೆ ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರ ಇನ್ನೂ ಸಿದ್ಧವಾಗಿಲ್ಲದಿರಬಹುದು.

ಹೆಚ್ಚಿನವರು ಎಡವುವುದು ಒಂದೇ ಕಡೆ: ನೇಮ್‌ಸರ್ವರ್‌ಗಳು (ಡೊಮೈನ್‌ನ ಡಿಎನ್‌ಎಸ್ ದಾಖಲೆಗಳನ್ನು ಒದಗಿಸುವ ಸರ್ವರ್‌ಗಳು) ತಾಣವನ್ನು ಇರಿಸಿರುವ ಹೋಸ್ಟಿಂಗ್ ಸಂಸ್ಥೆಯತ್ತ ತಿರುಗಿರುವಾಗ, ಡೊಮೈನ್ ಕೊಂಡ ಕಡೆಯ ಪುಟದಲ್ಲಿ ದಾಖಲೆಗಳನ್ನು ಎಷ್ಟು ತಿದ್ದಿದರೂ ಅವುಗಳನ್ನು ಯಾರೂ ಓದುವುದಿಲ್ಲ. ಆದ್ದರಿಂದ ನೇಮ್‌ಸರ್ವರ್ ಯಾವುದೆಂದು ಮೊದಲು ನೋಡಿ, ಅಲ್ಲಿಯೇ ಎ ದಾಖಲೆಯನ್ನೂ (ಸರ್ವರ್‌ನ ಐಪಿ ವಿಳಾಸ) ಡಬ್ಲ್ಯುಡಬ್ಲ್ಯುಡಬ್ಲ್ಯು ಹೆಸರಿನ ಸಿನೇಮ್ ದಾಖಲೆಯನ್ನೂ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ಜೋಡಿಸುವುದು) ಪರಿಶೀಲಿಸಿ. ಹಳೆಯ ಎ ದಾಖಲೆ ಹೊಸದರ ಪಕ್ಕದಲ್ಲೇ ಉಳಿದಿದ್ದರೆ ತಾಣ ಒಮ್ಮೆ ತೆರೆದು, ಇನ್ನೊಮ್ಮೆ ಕೈಕೊಡುತ್ತದೆ. ಮನೆಯ ವೈಫೈಯಲ್ಲಿ ತೆರೆಯುತ್ತಿದ್ದ ತಾಣ ಮೊಬೈಲ್ ಡೇಟಾದಲ್ಲಿ ತೆರೆಯದೆ ನಾನೇ ಅರ್ಧ ದಿನ ಒದ್ದಾಡಿದ್ದೇನೆ. ಕೊನೆಗೆ ಸಿಕ್ಕಿಬಿದ್ದದ್ದು ಅಳಿಸಲು ಮರೆತಿದ್ದ ಎಎಎಎ ದಾಖಲೆ, ಅಂದರೆ ಹಳೆಯ ಐಪಿವಿ6 ವಿಳಾಸ.

ತಿದ್ದಿದ ಮೇಲೆ ತಾಳ್ಮೆ ಬೇಕು. ಟಿಟಿಎಲ್ (ಉತ್ತರವನ್ನು ಸಂಗ್ರಹದಲ್ಲಿ ಇಟ್ಟುಕೊಳ್ಳುವ ಅವಧಿ, ಸೆಕೆಂಡುಗಳಲ್ಲಿ) 3600 ಎಂದಿದ್ದರೆ ಹಳೆಯ ಉತ್ತರ ಒಂದು ಗಂಟೆಯವರೆಗೆ ಸಂಗ್ರಹದಲ್ಲಿ ಉಳಿಯಬಹುದು. ನೇಮ್‌ಸರ್ವರ್ ಬದಲಾವಣೆ ಎಲ್ಲೆಡೆ ಕಾಣಿಸಲು 48 ಗಂಟೆಗಳೂ ಹಿಡಿಯಬಹುದು. ಈ ನಡುವೆ ಹತ್ತು ನಿಮಿಷಕ್ಕೊಮ್ಮೆ ಮೌಲ್ಯಗಳನ್ನು ಬದಲಿಸುತ್ತಾ ಹೋದರೆ ಯಾವುದು ಸರಿಯಾಗಿತ್ತೆಂಬುದೇ ಮರೆತುಹೋಗುತ್ತದೆ. ನೇಮ್‌ಸರ್ವರ್ ಬದಲಿಸುವವರು ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ತಿಳಿಸುವ ಎಂಎಕ್ಸ್ ದಾಖಲೆಗಳನ್ನು ಮೊದಲೇ ನಕಲು ಮಾಡಿಟ್ಟುಕೊಳ್ಳಿ.