ದುಡ್ಡು ಕೊಟ್ಟು ಮಾಡಿಸಿದ ರೀಲ್‌ನಲ್ಲಿ ಜಾಹೀರಾತು ಅಂತ ಹೇಳದಿರುವ ಬಗ್ಗೆ ದೂರು

ಗ್ರಾಹಕರ ದೂರು ವಿಭಾಗದವರಿಗೆ,

ನಮಸ್ಕಾರ.

ನಿಮ್ಮ ಕೂದಲಿನ ಎಣ್ಣೆಯ ರೀಲ್‌ನಲ್ಲಿ ಅದು ಜಾಹೀರಾತು ಅಂತ ಹೇಳಿಲ್ಲ ಅಂತ ನಾನು ಬರೆದ ಹಿಂದಿನ ಮೇಲ್‌ಗೆ ನೀವು ಕೊಟ್ಟ ಉತ್ತರ ಓದಿದೆ. ವಿಡಿಯೋದಲ್ಲಿ ಇರುವುದು ಆ ಕ್ರಿಯೇಟರ್ ಅವರ ಸ್ವಂತ ಅನುಭವ, ಕಂಪನಿಗೂ ಅದಕ್ಕೂ ಸಂಬಂಧವಿಲ್ಲ ಅಂತ ಬರೆದಿದ್ದೀರಿ. ಎಣ್ಣೆಯ ದುಡ್ಡು ವಾಪಸ್ ಕೊಡುತ್ತೇವೆ ಅಂದಿದ್ದೀರಿ. ನಾನು ಕೇಳಿದ್ದು ಅದನ್ನಲ್ಲ. ಸಂಬಂಧವಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ಆ ಎಣ್ಣೆ ತರಿಸಿದ್ದು ನಮ್ಮ ಅಮ್ಮ. ಥೈರಾಯ್ಡ್ ತೊಂದರೆಯಿಂದ ಅವರಿಗೆ ಕೂದಲು ತುಂಬಾ ಉದುರುತ್ತಿದೆ. ನೀವು ಆರಿಸಿಕೊಂಡ ಆ ಹೆಣ್ಣುಮಗಳ ವಿಡಿಯೋಗಳನ್ನು ಅಮ್ಮ ದಿನಾ ನೋಡುತ್ತಾರೆ, ರಂಗೋಲಿ, ಮೆಂತ್ಯ ಸೊಪ್ಪಿನ ಸಾರು, ಮಗುವಿನ ಸ್ಕೂಲ್ ಡಬ್ಬಿ, ಹೀಗೆ, ನೋಡಿ ನೋಡಿ ಅವರು ನಮ್ಮ ಮನೆಯವರೇ ಅನ್ನುವಷ್ಟು ಸಲುಗೆ ಬೆಳೆದಿದೆ. ಅಂಥವರು ಅಡುಗೆಮನೆಯಲ್ಲಿ ನಿಂತು "ನಾನು ಹಚ್ಚಿದ್ದು ಇದೊಂದೇ, ಒಂದೇ ತಿಂಗಳಲ್ಲಿ ಉದುರೋದು ನಿಂತೋಯ್ತು" ಅಂದರೆ ನಂಬದೆ ಇರುತ್ತಾರಾ? ಟಿವಿಯಲ್ಲಿ ಜಾಹೀರಾತು ಬಂದರೆ ಅಮ್ಮ ಚಾನೆಲ್ ಬದಲಿಸುತ್ತಾರೆ. ಇದೂ ಜಾಹೀರಾತು ಅಂತ ಗೊತ್ತಾಗಿದ್ದರೆ ಇದನ್ನೂ ಅಷ್ಟಕ್ಕೇ ಬಿಡುತ್ತಿದ್ದರು. ಬಾಟಲಿಗೆ 899 ರೂಪಾಯಿ ಹೋಗಿದ್ದಕ್ಕಿಂತ ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ. ಡಾಕ್ಟರ್ ಹತ್ತಿರ ಹೋಗೋಣ ಅಂದಾಗೆಲ್ಲ "ಮೊದಲು ಈ ಎಣ್ಣೆ ಮುಗೀಲಿ" ಅಂತ ಮುಂದೂಡುತ್ತಲೇ ಬಂದರು.

ಈಗ ಸಂಬಂಧದ ವಿಷಯ. ಆ ಕ್ರಿಯೇಟರ್ ಹೆಸರಿನ ಡಿಸ್ಕೌಂಟ್ ಕೋಡ್ ನಿಮ್ಮ ವೆಬ್‌ಸೈಟ್‌ನಲ್ಲಿ ಕೆಲಸ ಮಾಡುತ್ತದೆ. ಅದೇ ವಾರ ಇನ್ನೂ ಕೆಲವರು ಅದೇ ಎಣ್ಣೆ ಹಿಡಿದು ಹೆಚ್ಚುಕಡಿಮೆ ಅದೇ ಮಾತು ಹೇಳಿದ್ದಾರೆ. ಆ ರೀಲ್ ಅನ್ನು ನಿಮ್ಮ ಪೇಜ್‌ನಲ್ಲೂ ಹಾಕಿಕೊಂಡಿದ್ದೀರಿ. ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ. ದುಡ್ಡು ಕೊಟ್ಟಿಲ್ಲ, ಸುಮ್ನೆ ಬಾಟಲಿ ಕಳಿಸಿದ್ದೆವು ಅನ್ನಬೇಡಿ, ನಿಯಮದ ಪ್ರಕಾರ ಪುಕ್ಕಟೆ ಕೊಟ್ಟ ವಸ್ತುವೂ ಲೆಕ್ಕಕ್ಕೆ ಬರುತ್ತದೆ, ಅದನ್ನೂ ನೋಡುವವರಿಗೆ ತಿಳಿಸಬೇಕು.

ಇದೇನು ಹೊಸ ನಿಯಮವೂ ಅಲ್ಲ. ಜಾಹೀರಾತು ಮಾನದಂಡ ಮಂಡಳಿ, ಅಂದರೆ ಎಎಸ್‌ಸಿಐ, ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿದ್ದು 2021ರಲ್ಲಿ. 15 ಸೆಕೆಂಡಿನಿಂದ 2 ನಿಮಿಷದವರೆಗಿನ ವಿಡಿಯೋ ಆದರೆ ಅದರ ಮೂರನೇ ಒಂದು ಭಾಗದಷ್ಟು ಹೊತ್ತು ಜಾಹೀರಾತು ಅನ್ನುವ ಗುರುತು ಕಾಣಬೇಕು. ನಿಮ್ಮ ರೀಲ್ 45 ಸೆಕೆಂಡ್ ಇದೆ, ಅಂದರೆ 15 ಸೆಕೆಂಡ್ ಇರಬೇಕಿತ್ತು. ಒಂದು ಸೆಕೆಂಡೂ ಇಲ್ಲ. 2023ರ ಜನವರಿಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇನ್ನೂ ಸ್ಪಷ್ಟವಾಗಿ ಹೇಳಿತು: ವಿಡಿಯೋ ಆದರೆ ಬಾಯಲ್ಲೂ ಹೇಳಬೇಕು, ಪರದೆ ಮೇಲೂ ತೋರಿಸಬೇಕು, ಹ್ಯಾಶ್‌ಟ್ಯಾಗ್‌ಗಳ ರಾಶಿಯೊಳಗೆ ಸೇರಿಸಬಾರದು. ನಿಮ್ಮದರಲ್ಲಿ ಇದ್ದಿದ್ದು ಅದೇ, ಕ್ಯಾಪ್ಷನ್ ಬಿಚ್ಚಿ ಕೆಳಗಿನ ತನಕ ಹೋದರೆ ಹ್ಯಾಶ್‌ಟ್ಯಾಗ್‌ಗಳ ನಡುವೆ ಒಂದು ಚಿಕ್ಕ ಇಂಗ್ಲಿಷ್ ಪದ. ಕನ್ನಡದಲ್ಲಿ ಮಾತಾಡಿಸಿ ಎಣ್ಣೆ ಮಾರಲು ಆಗುತ್ತದೆ, ಜಾಹೀರಾತು ಅಂತ ಕನ್ನಡದಲ್ಲಿ ಹೇಳಿಸಲು ಆಗುವುದಿಲ್ವಾ?

ಆ ಹೆಣ್ಣುಮಗಳು ದುಡಿಯುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ "ಇದು ಪೇಯ್ಡ್ ಪ್ರಮೋಷನ್ನಾ ಅಕ್ಕ?" ಅಂತ ಕೇಳಿದವರ ಕಮೆಂಟ್ ಅಳಿಸಿದ್ದು ತಪ್ಪು. ಆ ಹೆಣ್ಣುಮಗಳಿಗೂ ಬೇರೆಯಾಗಿ ಬರೆದಿದ್ದೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ತಯಾರಿಸುವವರಿಗೂ ಇದೆ, ಬೆಂಬಲಿಸಿ ಹೇಳುವವರಿಗೂ ಇದೆ. ಅವರ ಮೇಲೆ ಹೊರಿಸಿ ನೀವು ಜಾರಿಕೊಳ್ಳಲು ಬರುವುದಿಲ್ಲ.

ಹಾಗಾಗಿ ಈಗ ಹರಿದಾಡುತ್ತಿರುವ ಎಲ್ಲ ರೀಲ್‌ಗಳಿಗೂ ಕನ್ನಡದಲ್ಲಿ ಜಾಹೀರಾತು ಅಂತ ಗುರುತು ಹಾಕಿಸಿ, ಆಗದಿದ್ದರೆ ತೆಗೆಸಿ. ಒಂದೇ ತಿಂಗಳಲ್ಲಿ ಉದುರುವುದು ನಿಲ್ಲುತ್ತದೆ ಅನ್ನುವುದಕ್ಕೆ ನಿಮ್ಮ ಹತ್ತಿರ ಯಾವ ಪರೀಕ್ಷೆಯ ಆಧಾರ ಇದೆ, ಕಳಿಸಿ. ಸಂಬಂಧವಿಲ್ಲ ಅಂತ ಬರೆದ ಉತ್ತರವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. 15 ದಿನ ಕಾಯುತ್ತೇನೆ. ಆಮೇಲೆ ಇದೇ ಸ್ಕ್ರೀನ್‌ಶಾಟ್‌ಗಳ ಜೊತೆ 1915 ಗ್ರಾಹಕ ಸಹಾಯವಾಣಿಗೂ ಎಎಸ್‌ಸಿಐಗೂ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕರೊಬ್ಬರ ಮಗಳು