ನೀರು ಕುಡಿಯಲೂ ಹೆದರುವ ಮಕ್ಕಳು

ಸಂಪಾದಕರೇ,

ಶಾಲೆಯಲ್ಲಿ ದಿನವಿಡೀ ನೀರೇ ಕುಡಿಯದ ಮಕ್ಕಳಿದ್ದಾರೆ. ಶೌಚಾಲಯಕ್ಕೆ ಹೋದರೆ ಹೊರಗಿನಿಂದ ಚಿಲಕ ಹಾಕಿ ನಗುತ್ತಾರೆ ಅನ್ನೋ ಭಯ. ಹುಡುಗ ಅಥವಾ ಹುಡುಗಿ ಹೀಗೇ ಇರಬೇಕು ಅನ್ನೋದಕ್ಕಿಂತ ನಡಿಗೆ, ದನಿ ಸ್ವಲ್ಪ ಬೇರೆ ಇದ್ದರೆ ಸಾಕು, ಹಾಜರಿ ಕೂಗುವಾಗಲೇ ಹಿಂದಿನ ಬೆಂಚಿನಿಂದ ಕಿಸಕ್ ಅಂತ ನಗು ಶುರುವಾಗುತ್ತದೆ, ಕೆಲವೊಮ್ಮೆ ಮೇಷ್ಟ್ರೂ ಮುಗುಳ್ನಕ್ಕು ಸುಮ್ನಾಗುತ್ತಾರೆ, ಅದೇ ಜಾಸ್ತಿ ನೋಯಿಸುವುದು. ಕೊನೆಗೆ ‘ನೀನೇ ಸ್ವಲ್ಪ ಸರಿಯಾಗಿರು’ ಅಂತ ಬುದ್ಧಿ ಹೇಳುವುದು ದೂರು ಕೊಟ್ಟ ಮಗುವಿಗೇ!

ಟ್ರಾನ್ಸ್‌ಜೆಂಡರ್ ಸಮುದಾಯದ ಹಕ್ಕುಗಳನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಎತ್ತಿಹಿಡಿದಿದೆ. ಶಿಕ್ಷಣ ಸಂಸ್ಥೆಗಳು ತಾರತಮ್ಯ ಮಾಡುವಂತಿಲ್ಲ, ಆಟೋಟದಲ್ಲೂ ಸಮಾನ ಅವಕಾಶ ಕೊಡಬೇಕು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯಲ್ಲಿದೆ. ಆ ಅಧಿಕಾರಿ ಯಾರು ಅಂತ ನಿಮ್ಮ ಮಕ್ಕಳ ಶಾಲೆಯಲ್ಲಿ ಕೇಳಿ ನೋಡಿ. ನಾನು ಕೇಳಿದಾಗ ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಣ್ಣ, ಜಾತಿ, ತೊದಲು ಮಾತು, ಕುಂಟು ಕಾಲು, ಕಾಡಿಸುವವರಿಗೆ ಯಾವ ನೆಪವಾದರೂ ಆಗುತ್ತದೆ ಅಲ್ವಾ? ಆ ಅಧಿಕಾರಿಯ ಹೆಸರು, ನಂಬರ್ ನೋಟಿಸ್ ಬೋರ್ಡಿಗೆ ಬರಲಿ. ಒಳಗಿನಿಂದ ಚಿಲಕ ಸರಿಯಾಗಿ ಬೀಳುವ ಒಂದು ಶೌಚಾಲಯವನ್ನು ಯಾವ ಮಗು ಬೇಕಾದರೂ ಬಳಸಲಿ. ಇನ್ನು ಮಗು ಹೇಳಿಕೊಂಡ ಹೆಸರಿನಿಂದಲೇ ಅದನ್ನು ಕರೆಯಲು ಯಾವ ಅನುದಾನವೂ ಬೇಕಿಲ್ಲ.

– ಒಬ್ಬ ಪೋಷಕ